ಹೊಸ ಪದವೀಧರರಿಗೆ ಕೆಲಸ ಕೊಟ್ಟರೆ ತೆರಿಗೆಯಲ್ಲಿ ಎಷ್ಟು ಉಳಿಯುತ್ತದೆ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಆಗಷ್ಟೇ ಕಾಲೇಜು ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡರೆ ಸರ್ಕಾರ ತೆರಿಗೆ ಬಿಡುತ್ತದಂತೆ, ನಿಜವೇ ಎಂದು ಕೇಳಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಪತ್ರಗಳು ಬಂದಿವೆ. ಆದಾಯ ತೆರಿಗೆ ಮತ್ತು ಭವಿಷ್ಯನಿಧಿಯ ಕೆಲಸದಲ್ಲಿ ಪಳಗಿದ ನಮ್ಮ ಬಳಗ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ತಾರಿಹಾಳದಲ್ಲಿ ನಮ್ಮದು ಯಂತ್ರದ ಬಿಡಿಭಾಗ ಮಾಡುವ ಪಾಲುದಾರಿಕೆ ಸಂಸ್ಥೆ. 2025ರ ಮಾರ್ಚ್ 31ಕ್ಕೆ 40 ಜನ ಇದ್ದರು. 2025ರ ಆಗಸ್ಟ್ 1ರಂದು ಮೂವರು ಬಿ.ಇ., ಇಬ್ಬರು ಬಿ.ಕಾಂ. ಆದವರನ್ನು ತೆಗೆದುಕೊಂಡೆವು. ತಲಾ ಪಗಾರ 18,000 ರೂಪಾಯಿ, ಅದರಲ್ಲಿ ಬೇಸಿಕ್ 12,000. ಪದವೀಧರರಿಗೆಂದೇ ತೆರಿಗೆ ರಿಯಾಯಿತಿ ಇದೆ ಎಂದು ಕೇಳಿದ್ದೇವೆ. ನಮಗೆ ಎಷ್ಟು ಸಿಗುತ್ತದೆ?
– ತಾರಿಹಾಳ ಕೈಗಾರಿಕಾ ಪ್ರದೇಶದ ಉದ್ಯಮಿ

ಉತ್ತರ: ಪದವೀಧರರಿಗೆಂದೇ ಇರುವ ರಿಯಾಯಿತಿ ಆದಾಯ ತೆರಿಗೆ ಕಾಯ್ದೆಯಲ್ಲಿ ಇಲ್ಲ. ಇರುವುದು ಹೊಸ ನೌಕರರ ರಿಯಾಯಿತಿ, 80ಜೆಜೆಎಎ ಕಲಮು. ಆ ನೌಕರ ಬಿ.ಇ. ಓದಿದ್ದಾನೋ ಏಳನೇ ಇಯತ್ತೆಗೇ ಶಾಲೆ ಬಿಟ್ಟಿದ್ದಾನೋ ಕಾಯ್ದೆ ಕೇಳುವುದಿಲ್ಲ. ಆದರೆ ತಿಂಗಳಿಗೆ 25,000 ರೂಪಾಯಿ ಮೀರದ ಪಗಾರ ಎಂಬ ಮಿತಿ ಇರುವುದರಿಂದ, ನಮ್ಮ ಭಾಗದಲ್ಲಿ ಇದರ ಲಾಭ ಹೆಚ್ಚಾಗಿ ಬೀಳುವುದು ಹೊಸದಾಗಿ ಕಾಲೇಜು ಬಿಟ್ಟವರ ಲೆಕ್ಕದಲ್ಲೇ.

ನಿಮ್ಮ ಲೆಕ್ಕ ಹೀಗೆ. ಆಗಸ್ಟ್ 1ರಿಂದ ಮಾರ್ಚ್ 31ರವರೆಗೆ 243 ದಿನ. ಹೊಸ ನೌಕರ ಆ ಲೆಕ್ಕವರ್ಷದಲ್ಲಿ ಕೆಲಸದಲ್ಲಿ ಇರಬೇಕಾದದ್ದು 240 ದಿನ. ಮೂರೇ ದಿನದ ಅಂತರದಲ್ಲಿ ದಾಟಿದ್ದೀರಿ. ಐದು ಜನ, 18,000 ರೂಪಾಯಿ, 8 ತಿಂಗಳು ಎಂದರೆ 7,20,000. ಇದರ ಶೇ. 30 ಅಂದರೆ 2,16,000 ರೂಪಾಯಿಯನ್ನು ಲಾಭದಿಂದ ಕಳೆಯಬಹುದು. ಪೂರ್ತಿ ಪಗಾರ ಹೇಗೂ ಖರ್ಚಿನಲ್ಲಿ ಬಂದಿರುತ್ತದೆ, ಇದು ಅದರ ಮೇಲಿನದು. ಇದೇ 2,16,000ವನ್ನು ಮುಂದಿನ ಎರಡು ವರ್ಷವೂ ಕಳೆಯಬಹುದು. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಸೆಸ್ ಸೇರಿ 31.2. ಆದಾಯ 1 ಕೋಟಿ ದಾಟದಿದ್ದರೆ ಸರ್‌ಚಾರ್ಜ್ ಇಲ್ಲ. ಹಾಗಾಗಿ ಉಳಿಯುವುದು ವರ್ಷಕ್ಕೆ 67,392, ಮೂರು ವರ್ಷಕ್ಕೆ 2,02,176 ರೂಪಾಯಿ. ಶೇ. 22ರ ದರ ಆಯ್ದುಕೊಂಡ ಕಂಪನಿಯಾಗಿದ್ದರೆ ಉಳಿತಾಯ ಇದಕ್ಕಿಂತ ಕಡಿಮೆ. ಆದರೂ ಆ ದರದಲ್ಲಿ ಕೈತಪ್ಪದೆ ಉಳಿದಿರುವ ಕೆಲವೇ ಕಡಿತಗಳಲ್ಲಿ ಇದೂ ಒಂದು. ಮಾಲೀಕ ಒಬ್ಬರದೇ ಸಂಸ್ಥೆಯಾಗಿ ಹೊಸ ತೆರಿಗೆ ಪದ್ಧತಿಯಲ್ಲಿದ್ದರೂ ಇದು ಸಿಗುತ್ತದೆ.

ಇನ್ನು ತಲೆಯೆಣಿಕೆ. 2026ರ ಮಾರ್ಚ್ 31ಕ್ಕೆ ನಿಮ್ಮ ಒಟ್ಟು ಸಂಖ್ಯೆ 40ಕ್ಕಿಂತ ಹೆಚ್ಚಿರಲೇಬೇಕು. ಐವರು ಬಂದು ಹಳಬರು ಆರು ಜನ ಬಿಟ್ಟಿದ್ದರೆ 39 ಆಯಿತು, ಕಡಿತ ಸೊನ್ನೆ. ನಾಲ್ವರು ಬಿಟ್ಟಿದ್ದರೆ 41. ಆಗ ಐವರದ್ದೂ ಕೇಳುವವರಿದ್ದಾರೆ. ಸಂಖ್ಯೆ ನಿಜವಾಗಿ ಏರಿದ್ದು ಒಬ್ಬರಿಂದ ಮಾತ್ರ, ಒಬ್ಬರದ್ದನ್ನೇ ಕೇಳಿ ಎಂಬುದು ನಮ್ಮ ಸಲಹೆ. ಹಾಜರಿ ಪುಸ್ತಕ, ಪಗಾರ ಪಟ್ಟಿ, ಪಿಎಫ್ ಇಸಿಆರ್ (ಪ್ರತಿ ತಿಂಗಳು ಸಲ್ಲಿಸುವ ವಂತಿಗೆಯ ಪಟ್ಟಿ) ಮೂರರಲ್ಲೂ ಆ ದಿನದ ಸಂಖ್ಯೆ ಒಂದೇ ಇರಲಿ. ನೋಟಿಸ್ ಬಂದರೆ ಮೊದಲು ಕೇಳುವುದು ಇದನ್ನೇ.

ಹೊಸಬರಲ್ಲಿ ಯಾರಾದರೂ ಎರಡನೇ ವರ್ಷ ಬೆಂಗಳೂರಿಗೋ ಪುಣೆಗೋ ಹೋದರೆ? ಅದೇ ವ್ಯಕ್ತಿ ಮೂರೂ ವರ್ಷ ಇರಬೇಕೆಂದು ಕಲಮಿನಲ್ಲಿ ಎಲ್ಲೂ ಬರೆದಿಲ್ಲ. ಮೊದಲ ವರ್ಷ ಲೆಕ್ಕಕ್ಕೆ ಬಂದ ಮೊತ್ತವೇ ಮುಂದುವರಿಯುತ್ತದೆ.

ಕಾಗದದ ಕೆಲಸ: ನಿಮ್ಮ ಆಡಿಟರ್ ಫಾರ್ಮ್ 10ಡಿಎ ವರದಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ನೀವು ನಿಮ್ಮ ಲಾಗಿನ್‌ನಲ್ಲಿ ಅದನ್ನು ಒಪ್ಪಬೇಕು. 2025-26ರ ಲೆಕ್ಕಕ್ಕೆ ಇದು 2026ರ ಸೆಪ್ಟೆಂಬರ್ 30ರೊಳಗೆ, ರಿಟರ್ನ್ ಅಕ್ಟೋಬರ್ 31ರೊಳಗೆ. ಆಡಿಟರ್ ಕಳಿಸಿದರು, ಮಾಲೀಕರು ಒಪ್ಪಿಗೆ ಒತ್ತಲು ಮರೆತರು ಎಂಬ ಒಂದೇ ಕಾರಣಕ್ಕೆ ಕಡಿತ ಸಿಕ್ಕಿಬೀಳುವುದು ಬಹಳ. ರಿಟರ್ನ್ ಗಡುವು ಮೀರಿದರಂತೂ ಈ ಕಡಿತ ಹೋದಂತೆಯೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲಿ ಇದೇ ರಿಯಾಯಿತಿ 146ನೇ ಕಲಮಿನಲ್ಲಿದೆ. ನಿಮ್ಮ 2025-26ರ ಲೆಕ್ಕ ಮಾತ್ರ ಹಳೆಯ ಕಾಯ್ದೆಯದೇ.

ಇದಿಷ್ಟು ತೆರಿಗೆ. ಇದರಾಚೆ ನಿಮಗೆ ಇನ್ನೊಂದು ಬಾಗಿಲು ತೆರೆದಿದೆ, ಮೊತ್ತದಲ್ಲಿ ಅದೇ ದೊಡ್ಡದು: ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೇರಿದವರಿಗೆ ಇದು ಅನ್ವಯ. ನಿಮ್ಮವರು ಮೊದಲ ದಿನವೇ ಸೇರಿದ್ದಾರೆ. 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ 2 ಹೆಚ್ಚುವರಿ ನೌಕರರನ್ನು, 50 ಮತ್ತು ಮೇಲ್ಪಟ್ಟಿರುವುದು ಕನಿಷ್ಠ 5 ಮಂದಿಯನ್ನು ಸೇರಿಸಿಕೊಳ್ಳಬೇಕು, ಅವರು 6 ತಿಂಗಳಾದರೂ ನಿಲ್ಲಬೇಕು. ಇಪಿಎಫ್ ವೇತನ (ಪಿಎಫ್ ವಂತಿಗೆ ಲೆಕ್ಕ ಹಾಕುವ ವೇತನ, ನಿಮ್ಮಲ್ಲಿ ಬೇಸಿಕ್) 10,000 ರೂಪಾಯಿವರೆಗೆ ಇದ್ದರೆ ಮಾಲೀಕರಿಗೆ ತಿಂಗಳಿಗೆ 1,000ದವರೆಗೆ, 10,000 ದಾಟಿ 20,000ದವರೆಗೆ ಇದ್ದರೆ 2,000, ಅದರ ಮೇಲೆ 1 ಲಕ್ಷದವರೆಗೆ 3,000. ಎರಡು ವರ್ಷ ಸಿಗುತ್ತದೆ, ಉತ್ಪಾದನಾ ಘಟಕಗಳಿಗೆ ಮೂರನೇ ಮತ್ತು ನಾಲ್ಕನೇ ವರ್ಷವೂ ಉಂಟು. ನಿಮ್ಮ ಐವರಿಗೆ ಬೇಸಿಕ್ 12,000, ಆದ್ದರಿಂದ ತಿಂಗಳಿಗೆ ಒಟ್ಟು 10,000, ವರ್ಷಕ್ಕೆ 1,20,000. ಎಲ್ಲರೂ ನಾಲ್ಕು ವರ್ಷ ಉಳಿದರೆ 4,80,000. ಹಣ ಪ್ಯಾನ್‌ಗೆ ಜೋಡಣೆಯಾದ ಖಾತೆಗೆ ಬರುತ್ತದೆ. ಅದು ಸಂಸ್ಥೆಯ ಆದಾಯ, ತೆರಿಗೆಗೆ ತೋರಿಸಬೇಕು.

ಎರಡನ್ನೂ ಒಟ್ಟಿಗೆ ಪಡೆಯಬಹುದೇ ಎಂದು ಹಲವರು ಕೇಳಿದ್ದಾರೆ. 80ಜೆಜೆಎಎ ಹೊರಗಿಡುವುದು ಪಿಂಚಣಿ ಯೋಜನೆಯಡಿ ಪೂರ್ತಿ ವಂತಿಗೆಯನ್ನು ಸರ್ಕಾರವೇ ಕಟ್ಟುವ ನೌಕರರನ್ನು. ರೋಜಗಾರ್ ಯೋಜನೆಯಲ್ಲಿ ಸರ್ಕಾರ ವಂತಿಗೆ ಕಟ್ಟುವುದಿಲ್ಲ, ಮಾಲೀಕರಿಗೆ ಪ್ರೋತ್ಸಾಹಧನ ಕೊಡುತ್ತದೆ. ಕಲಮಿನ ಮಾತನ್ನು ಓದಿದರೆ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಹೊಸದಾಗಿ ಸೇರುವ ಹುಡುಗರು ‘ಪಿಎಫ್ ಬ್ಯಾಡ್ರಿ, ಕೈಗೆ ಪೂರ್ತಿ ಪಗಾರ ಕೊಡ್ರಿ’ ಅಂತಾರೆ. ಬೇಸಿಕ್ 16,000 ಇಟ್ಟರೆ ಪಿಎಫ್ ಕಡ್ಡಾಯವಲ್ಲ ಎಂದು ನಮ್ಮ ಲೆಕ್ಕದವರೂ ಹೇಳುತ್ತಾರೆ. ಹಾಗೆ ಮಾಡಬಹುದೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಾಡಬಹುದು, ಆದರೆ ಮಾಡಿದ ದಿನವೇ ಮೇಲೆ ಹೇಳಿದ ಎರಡೂ ಸೌಲಭ್ಯ ಕೈಬಿಟ್ಟವು. ಪಿಎಫ್ ವೇತನ 15,000 ಮೀರಿದ, ಹಿಂದೆ ಎಂದೂ ಪಿಎಫ್ ಸದಸ್ಯರಾಗಿರದ ಹೊಸಬರನ್ನು ಪಿಎಫ್ ಹೊರಗೆ ಇಡಲು ಅವಕಾಶವಿದೆ. ಸೇರುವಾಗ ಕೊಡುವ ಪಿಎಫ್ ಘೋಷಣೆಯಾದ ಫಾರ್ಮ್ 11ರಲ್ಲಿ ಒಂದು ಗುರುತು ಹಾಕಿಸಿ ಕೈತೊಳೆದುಕೊಳ್ಳುವುದು ಹುಬ್ಬಳ್ಳಿಯ ಸಣ್ಣ ಐಟಿ, ಅಕೌಂಟಿಂಗ್ ಕಚೇರಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಮಾನ್ಯತೆ ಪಡೆದ ಭವಿಷ್ಯನಿಧಿಯಲ್ಲಿ ಇಲ್ಲದ ನೌಕರ 80ಜೆಜೆಎಎ ಲೆಕ್ಕಕ್ಕೆ ಹೊಸ ನೌಕರನೇ ಅಲ್ಲ. ಇಸಿಆರ್‌ನಲ್ಲಿ ಹೆಸರಿಲ್ಲದವನಿಗೆ ರೋಜಗಾರ್ ಯೋಜನೆಯೂ ಇಲ್ಲ.

ಬೇಸಿಕ್ 16,000 ಇದ್ದರೂ ಮಾಲೀಕ-ನೌಕರ ಇಬ್ಬರೂ ಒಪ್ಪಿ ಜಂಟಿ ಮನವಿ ಕೊಟ್ಟು ಪಿಎಫ್‌ಗೆ ಸೇರಿಸಬಹುದು. ಹುಡುಗರ ಮುಂದೆ ಲೆಕ್ಕವನ್ನು ಬಿಡಿಸಿ ಇಡಿ. 15,000 ಮಿತಿಯ ಮೇಲೆ ಅವರ ಪಾಲು 1,800 ಕಡಿತ, ಮಾಲೀಕರ ಪಾಲು ಇನ್ನೂ 1,800. 15,000 ಮೀರಿದ ವೇತನದಲ್ಲಿ ಹೊಸದಾಗಿ ಸೇರುವವರಿಗೆ ಪಿಂಚಣಿ ಯೋಜನೆ ಇಲ್ಲದ್ದರಿಂದ ಮಾಲೀಕರ ಪಾಲೂ ಪೂರ್ತಿ ಅವರ ಪಿಎಫ್ ಖಾತೆಗೇ ಹೋಗುತ್ತದೆ. ಜೊತೆಗೆ, 2025ರ ಆಗಸ್ಟ್ 1ಕ್ಕೆ ಮೊದಲು ಪಿಎಫ್ ಸದಸ್ಯರಾಗಿರದ, 1 ಲಕ್ಷದೊಳಗಿನ ಪಗಾರದ ಹೊಸ ನೌಕರರಿಗೆ ಸರ್ಕಾರ ಒಂದು ತಿಂಗಳ ಇಪಿಎಫ್ ವೇತನವನ್ನು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಕೊಡುತ್ತದೆ. 6 ತಿಂಗಳಾದ ಮೇಲೆ ಒಂದು ಕಂತು, 12 ತಿಂಗಳಾಗಿ ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದ ಮೇಲೆ ಇನ್ನೊಂದು. ಪಿಎಫ್ ಬೇಡ ಎನ್ನುವವರು ಈ ಹಣವನ್ನೂ ಬೇಡ ಎನ್ನುತ್ತಿದ್ದಾರೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಪಡೆಯುವಾಗ ಒಂದು ತೊಡಕು ನಮ್ಮ ಕಡೆ ಪದೇ ಪದೇ ಬರುತ್ತದೆ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಕೊನೆಗೆ. ಆಧಾರ್‌ನಲ್ಲಿ ಸ್ವಂತ ಹೆಸರು ಮೊದಲು. ಪ್ಯಾನ್‌ನಲ್ಲಿ ಬರೀ ಇನಿಷಿಯಲ್. ಈಗ ಯುಎಎನ್ ಹುಟ್ಟುವುದು ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ, ಆಧಾರ್ ಹೆಸರಿನಲ್ಲಿ. ಪ್ಯಾನ್ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಕೆವೈಸಿ ನಿಲ್ಲುತ್ತದೆ. ಆದ್ದರಿಂದ ನೇಮಕದ ಪತ್ರ ಕೊಡುವಾಗಲೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿ ಹೆಸರು, ಹುಟ್ಟಿದ ದಿನಾಂಕ ಅಕ್ಷರ ಅಕ್ಷರ ಓದಿ. ಸರಿಯಿಲ್ಲದಿದ್ದರೆ ಪ್ಯಾನ್ ತಿದ್ದಿಸಲು ಅವತ್ತೇ ಕಳಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ಕೇಳಿ. ಸರ್ಕಾರದ ಕಂತು ಬರುವುದು ಆ ಖಾತೆಗೇ.

ಪ್ರಶ್ನೆ: ಗದಗದಲ್ಲಿ ನಮ್ಮದು ಮುದ್ರಣಾಲಯ. ಆರು ಜನ ಕೆಲಸಗಾರರು, ವರ್ಷದ ವಹಿವಾಟು 85 ಲಕ್ಷ. ಬಿಸಿಎ ಮುಗಿಸಿದ ಇಬ್ಬರನ್ನು ಡಿಸೈನ್ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದಿದ್ದೇವೆ. ನಮಗೂ ಶೇ. 30 ಕಡಿತ ಸಿಗುತ್ತದೆಯೇ?
– ಗದಗ

ಉತ್ತರ: ಸಿಗುವುದಿಲ್ಲ. ಈ ಕಡಿತ 44ಎಬಿ ಅಡಿ ತೆರಿಗೆ ಆಡಿಟ್ ಕಡ್ಡಾಯವಾದ ಸಂಸ್ಥೆಗಳಿಗೆ ಮಾತ್ರ. ವಹಿವಾಟು 1 ಕೋಟಿ ದಾಟಿದರೆ ಆಡಿಟ್. ನಗದು ಸ್ವೀಕೃತಿ, ನಗದು ಪಾವತಿ ಎರಡೂ ಶೇ. 5ರೊಳಗೆ ಇದ್ದರೆ 10 ಕೋಟಿ ದಾಟುವವರೆಗೂ ಆಡಿಟ್ ಇಲ್ಲ. ನಾವೇ ಇಷ್ಟಪಟ್ಟು ಆಡಿಟ್ ಮಾಡಿಸುತ್ತೇವೆ ಎಂದರೂ ಪ್ರಯೋಜನವಿಲ್ಲ, ಕಲಮು ನೋಡುವುದು ಕಾಯ್ದೆ ಹೇರಿದ ಆಡಿಟ್ ಅನ್ನು. 44ಎಡಿ ಅಡಿ ಅಂದಾಜು ಲಾಭ ತೋರಿಸುವವರಿಗೂ ಇದು ದೂರ.

ಇದು ನಮಗೆ ಸರಿ ಕಾಣುವುದಿಲ್ಲ. ಗದಗ-ಬೆಟಗೇರಿಯ ಪ್ರೆಸ್ಸು, ಹಾವೇರಿಯ ವರ್ಕ್‌ಶಾಪು, ಧಾರವಾಡದ ಸಣ್ಣ ಬೇಕರಿ ಇವುಗಳೇ ಊರ ಹುಡುಗರಿಗೆ ಮೊದಲ ಕೆಲಸ ಕೊಡುವ ಜಾಗಗಳು. ಎಲ್ಲ ಹಣವನ್ನೂ ಬ್ಯಾಂಕ್ ಮೂಲಕ ನಡೆಸುವ ಪ್ರಾಮಾಣಿಕ ಸಣ್ಣ ಉದ್ದಿಮೆ 10 ಕೋಟಿವರೆಗೆ ಆಡಿಟ್‌ನಿಂದ ತಪ್ಪಿಸಿಕೊಂಡು, ಅದೇ ಕಾರಣಕ್ಕೆ ಈ ಕಡಿತವನ್ನೂ ಕಳೆದುಕೊಳ್ಳುತ್ತದೆ. 25,000ದ ಮಿತಿಯೂ 2016ರ ಹಣಕಾಸು ಕಾಯ್ದೆಯಲ್ಲಿ ಬಂದದ್ದು, ಅಲ್ಲಿಂದ ಕದಲಿಲ್ಲ. ವಾಣಿಜ್ಯೋದ್ಯಮ ಸಂಘಗಳು ಬಜೆಟ್ ಮುಂಚಿನ ಮನವಿಯಲ್ಲಿ ಈ ಎರಡನ್ನೂ ಎತ್ತಬೇಕು.

ನಿಮಗೆ ಒಪ್ಪುವ ದಾರಿ ಅಪ್ರೆಂಟಿಸ್‌ಶಿಪ್. 4ರಿಂದ 29 ಜನರಿರುವ ಸಂಸ್ಥೆ ಇಷ್ಟವಿದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳಬಹುದು; 30 ಮತ್ತು ಮೇಲ್ಪಟ್ಟಿದ್ದರೆ ಒಟ್ಟು ಬಲದ ಶೇ. 2.5ರಿಂದ 15ರಷ್ಟು ತೆಗೆದುಕೊಳ್ಳುವುದು ಕಡ್ಡಾಯ. ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ ಎನ್‌ಎಟಿಎಸ್ ಪೋರ್ಟಲ್, ಐಟಿಐ ಮತ್ತು ಇತರ ಕೌಶಲ ಕೆಲಸಗಳಿಗೆ ಎನ್‌ಎಪಿಎಸ್. ಎನ್‌ಎಟಿಎಸ್‌ನಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಸರ್ಕಾರದ್ದು, ಎನ್‌ಎಪಿಎಸ್‌ನಲ್ಲಿ ಶೇ. 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ. ಸರ್ಕಾರದ ಪಾಲು ನೇರವಾಗಿ ಅಭ್ಯರ್ಥಿಯ ಖಾತೆಗೆ ಬೀಳುತ್ತದೆ. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಇಲ್ಲ. ನೀವು ಕೊಡುವ ಪಾಲು ವ್ಯಾಪಾರದ ಖರ್ಚಿನಲ್ಲೇ ಬರುತ್ತದೆ.

ಎಡವುವುದು ಎಲ್ಲಿ ಎಂದರೆ, ಹುಡುಗ ಕೆಲಸಕ್ಕೆ ಬರಲು ಶುರುಮಾಡಿ ಎರಡು ತಿಂಗಳಾದ ಮೇಲೆ ಒಪ್ಪಂದ ಮಾಡಲು ಹೋಗುವುದು. ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗುವ ಮುಂಚಿನ ತಿಂಗಳುಗಳಿಗೆ ಸರ್ಕಾರದ ಪಾಲು ಬರುವುದಿಲ್ಲ. ಮೊದಲು ಸಂಸ್ಥೆಯ ನೋಂದಣಿ, ಆಮೇಲೆ ಅಭ್ಯರ್ಥಿಯ ನೋಂದಣಿ, ಆಮೇಲೆ ಒಪ್ಪಂದ, ಕೊನೆಗೆ ಕೆಲಸದ ಮೊದಲ ದಿನ. ಈ ಅನುಕ್ರಮ ತಪ್ಪಬಾರದು. ಪಿಎಫ್‌ಗೆ ಸ್ವಇಚ್ಛೆಯಿಂದ ಸೇರುವ ಯೋಚನೆಯಿದ್ದರೆ, ಹೊಸದಾಗಿ ನೋಂದಣಿಯಾಗುವ ಸಂಸ್ಥೆಗೆ ರೋಜಗಾರ್ ಯೋಜನೆಯ ಬೇಸ್‌ಲೈನ್ (ಹೆಚ್ಚುವರಿ ನೌಕರರನ್ನು ಎಣಿಸಲು ಹಿಡಿಯುವ ಮೂಲ ಸಂಖ್ಯೆ) ಹೇಗೆ ಹಿಡಿಯುತ್ತಾರೆಂದು ಹುಬ್ಬಳ್ಳಿಯ ಪಿಎಫ್ ಪ್ರಾದೇಶಿಕ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ಶೀತಲಗೃಹ ನಮ್ಮದು. ಆಡಿಟ್ ಆಗುತ್ತದೆ. ಡಿಸೆಂಬರ್‌ನಲ್ಲಿ ಸೀಸನ್ ಶುರುವಾದಾಗ ಬಿ.ಕಾಂ., ಬಿ.ಎಸ್‌ಸಿ. ಮುಗಿಸಿದ ಏಳೆಂಟು ಜನರನ್ನು ಗೇಟ್ ಪಾಸ್, ತೂಕ, ಗುಣಮಟ್ಟದ ದಾಖಲೆಗೆ ತೆಗೆದುಕೊಳ್ಳುತ್ತೇವೆ, ಮೇನಲ್ಲಿ ಬಿಡುತ್ತೇವೆ. ಕಡಿತ ಕೇಳಬಹುದೇ?
– ಬ್ಯಾಡಗಿ

ಉತ್ತರ: ಸೀಸನ್ ಮುಗಿದು ಬಿಟ್ಟವರಿಗೆ ಇಲ್ಲ. ಡಿಸೆಂಬರ್‌ನಿಂದ ಮೇವರೆಗೆ ಆರು ತಿಂಗಳು, ಅದೂ ಎರಡು ಲೆಕ್ಕವರ್ಷಕ್ಕೆ ಹರಿದುಹೋಗುತ್ತದೆ. ಯಾವ ವರ್ಷದಲ್ಲೂ 240 ದಿನ ಆಗುವುದಿಲ್ಲ.

ಆದರೆ ಅವರಲ್ಲಿ ಇಬ್ಬರನ್ನು ವರ್ಷಪೂರ್ತಿ ಇಟ್ಟುಕೊಂಡರೆ ಚಿತ್ರ ಬೇರೆ. 2018ರ ತಿದ್ದುಪಡಿಯ ನಂತರ, ಸೇರಿದ ವರ್ಷ 240 ದಿನ ಆಗದೆ ಮರುವರ್ಷ ಆದರೆ, ಅವರು ಮರುವರ್ಷವೇ ಸೇರಿದವರೆಂದು ಲೆಕ್ಕ. 2025ರ ಡಿಸೆಂಬರ್‌ನಲ್ಲಿ ಸೇರಿದವರು 2026-27ರಲ್ಲಿ 240 ದಿನ ಇದ್ದರೆ ಅಲ್ಲಿಂದ ಮೂರು ವರ್ಷ ಕಡಿತ, ಅದೂ 12 ತಿಂಗಳ ಪಗಾರದ ಮೇಲೆ. ಆಗಸ್ಟ್ 4ರ ನಂತರ ಸೇರಿಸಿಕೊಂಡರೆ ಎಲ್ಲ ಹೋಯಿತು ಎಂದು ಕಂಗಾಲಾಗುವವರಿಗೂ ಇದೇ ಉತ್ತರ: ಆಗಸ್ಟ್ 4ರಂದು ಸೇರಿದವರಿಗೆ ಮಾರ್ಚ್ 31ಕ್ಕೆ ಸರಿಯಾಗಿ 240 ದಿನ ತುಂಬುತ್ತದೆ, 5ರಂದು ಸೇರಿದವರಿಗೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಆದರೆ ಲೆಕ್ಕಕ್ಕೆ ಬರುವ ಪಗಾರ ಹೆಚ್ಚುತ್ತದೆ. ದಿನಾಂಕಕ್ಕಾಗಿ ನೇಮಕದ ಪತ್ರ ತಿದ್ದುವ ಕೆಲಸಕ್ಕೆ ಯಾರೂ ಹೋಗಬೇಡಿ. ಪಿಎಫ್‌ನಲ್ಲಿ ಸೇರಿದ ದಿನಾಂಕ ಬೇರೆ, ಕಾಗದದಲ್ಲಿ ಬೇರೆ ಎಂದಾದರೆ ಉಳಿದ ದಾಖಲೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಸಿದ್ಧ ಉಡುಪು, ಪಾದರಕ್ಷೆ, ಚರ್ಮದ ವಸ್ತು ತಯಾರಿಸುವವರಿಗೆ 240ರ ಬದಲು 150 ದಿನ ಸಾಕು; ಅವರಿಗೆ ಕಡೆಯ ದಿನ ನವೆಂಬರ್ 2. ಮೆಣಸಿನಕಾಯಿಗೆ ಈ ಸಡಿಲಿಕೆ ಇಲ್ಲ.

ಪ್ರಶ್ನೆ: ಗೋಕುಲ ರಸ್ತೆಯಲ್ಲಿ ನಮ್ಮ ಗೋದಾಮು ಇದೆ. ಹತ್ತು ಜನ ಪದವೀಧರರು ಏಜೆನ್ಸಿ ಮೂಲಕ ಕೆಲಸ ಮಾಡುತ್ತಾರೆ, ಏಜೆನ್ಸಿಗೆ ಬಿಲ್ ಪಾವತಿಸುತ್ತೇವೆ. ಇವರದ್ದು ಕೇಳಬಹುದೇ? ಇಲ್ಲವಾದರೆ ಮನೆಯವರ ಹೆಸರಿನಲ್ಲಿ ಹೊಸ ಸಂಸ್ಥೆ ಮಾಡಿ, ಈಗಿರುವ ಸಿಬ್ಬಂದಿಯನ್ನು ಅಲ್ಲಿಗೆ ವರ್ಗಾಯಿಸಿದರೆ ಎಲ್ಲರೂ ಹೊಸಬರಾಗುತ್ತಾರಲ್ಲವೇ?
– ಹುಬ್ಬಳ್ಳಿ

ಉತ್ತರ: ಏಜೆನ್ಸಿಯವರು ನಿಮ್ಮ ನೌಕರರಲ್ಲ. ಪಿಎಫ್ ಯಾರ ಕೋಡ್‌ನಲ್ಲಿ ಕಟ್ಟುತ್ತಾರೋ, ಪಗಾರ ಯಾರ ಖಾತೆಯಿಂದ ಹೋಗುತ್ತದೋ ಅವರೇ ಮಾಲೀಕರು. ರೋಜಗಾರ್ ಯೋಜನೆಯ ಹಣವೂ ಅವರಿಗೇ. ನೇರವಾಗಿ ನಿಮ್ಮ ಪಟ್ಟಿಗೆ ತೆಗೆದುಕೊಂಡರೆ ಆ ದಿನದಿಂದ ನಿಮ್ಮ ಲೆಕ್ಕ.

ಎರಡನೆಯದನ್ನು ಮಾಡಬೇಡಿ. ಇರುವ ವ್ಯಾಪಾರವನ್ನು ಒಡೆದು, ಪುನರ್ರಚಿಸಿ, ವರ್ಗಾಯಿಸಿಕೊಂಡು ಮಾಡಿದ ಸಂಸ್ಥೆಗೆ ಕಡಿತವಿಲ್ಲವೆಂದು ಕಲಮಿನಲ್ಲೇ ಇದೆ. ಅದೇ ಗೋದಾಮು, ಅದೇ ಗ್ರಾಹಕರು, ಅದೇ ಯುಎಎನ್‌ಗಳು ಒಂದು ತಿಂಗಳಿಂದ ಇನ್ನೊಂದಕ್ಕೆ ಕೋಡ್ ಬದಲಿಸಿದ್ದು ಪಿಎಫ್ ದಾಖಲೆಯಲ್ಲಿ ಎದ್ದು ಕಾಣುತ್ತದೆ.

ಪ್ರಶ್ನೆ: ಹಾವೇರಿಯಲ್ಲಿ ನಾವು ವಿತರಕರು. ಪಗಾರ ಬ್ಯಾಂಕ್‌ಗೇ ಹಾಕುತ್ತೇವೆ. ದೀಪಾವಳಿಗೆ ಮಾತ್ರ ಮುಂಗಡವೆಂದು ನಗದು ಕೊಟ್ಟು ಆ ತಿಂಗಳ ಪಗಾರದಲ್ಲಿ ಮುರಿದುಕೊಳ್ಳುತ್ತೇವೆ. ತೊಂದರೆ ಇದೆಯೇ?
– ಹಾವೇರಿ

ಉತ್ತರ: ಇದೆ. 80ಜೆಜೆಎಎ ಕಡಿತ ಬೇಕಿದ್ದರೆ ಪಗಾರ ಅಕೌಂಟ್ ಪೇಯಿ ಚೆಕ್, ಡಿಡಿ, ಇಸಿಎಸ್ ಅಥವಾ ನಿಗದಿತ ಎಲೆಕ್ಟ್ರಾನಿಕ್ ವಿಧಾನದಲ್ಲೇ ಹೋಗಬೇಕು. ಮುಂಗಡವೆಂದು ಕೊಟ್ಟು ಪಗಾರದಲ್ಲಿ ಮುರಿದದ್ದು ನಗದು ಪಗಾರವೇ ಆಯಿತು. ಮುಂಗಡವನ್ನು ಬೇಡವೆನ್ನುವುದಿಲ್ಲ, ಹಬ್ಬಕ್ಕೆ ಕೈಯಲ್ಲಿ ಹಣ ಬೇಕೇ ಬೇಕು. ಅದನ್ನೂ ನೆಫ್ಟ್, ಐಎಂಪಿಎಸ್, ಯುಪಿಐ ಯಾವುದರಲ್ಲಾದರೂ ಕಳಿಸಿ. ಯುಪಿಐ ಒಪ್ಪಿತ ವಿಧಾನವೇ, ಆದರೆ ಸಂಸ್ಥೆಯ ಚಾಲ್ತಿ ಖಾತೆಗೆ ಜೋಡಿಸಿದ ಫೋನಿನಿಂದ ಕಳಿಸಿ. ಮಾಲೀಕರ ಮಗನ ಉಳಿತಾಯ ಖಾತೆಯಿಂದ ಹೋದ ಹಣವನ್ನು ಪಗಾರವೆಂದು ತೋರಿಸುವುದು ಕಷ್ಟ.

ಪಿಎಫ್ ದಿನಾಂಕವನ್ನೂ ಇಲ್ಲೇ ಹೇಳಿಬಿಡುತ್ತೇವೆ. ನೌಕರರ ಪಗಾರದಲ್ಲಿ ಮುರಿದುಕೊಂಡ ಪಾಲನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. 2025-26ರವರೆಗಿನ ಲೆಕ್ಕದಲ್ಲಿ, 16ಕ್ಕೆ ಕಟ್ಟಿದ್ದರೂ ಆ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ, ಮುಂದೆಂದೂ ಖರ್ಚಾಗಿ ಸಿಗುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಕಡೆಯ ದಿನ ಸರ್ವರ್ ಕೈಕೊಡುವುದು ಮಾಮೂಲು. 10ನೇ ತಾರೀಖಿಗೇ ಮುಗಿಸಿ.

ಪ್ರಶ್ನೆ: ಧಾರವಾಡದಲ್ಲಿ ನಮ್ಮ ಕೃಷಿ ತಂತ್ರಜ್ಞಾನದ ಸ್ಟಾರ್ಟಪ್ ಇದೆ, ಇನ್ನೂ ನಷ್ಟದಲ್ಲಿದೆ. ನಾಲ್ವರು ಹೊಸ ಪದವೀಧರರಿದ್ದಾರೆ. ಈ ಕಡಿತವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ?
– ಧಾರವಾಡ

ಉತ್ತರ: ಒಯ್ಯಲಾಗದು. ವ್ಯಾಪಾರದ ನಷ್ಟ ಮುಂದಕ್ಕೆ ಹೋಗುತ್ತದೆ, ಈ ಕಡಿತ ಹೋಗುವುದಿಲ್ಲ. ಆಯಾ ವರ್ಷ ಆದಾಯವಿದ್ದಷ್ಟಕ್ಕೆ ಮಾತ್ರ. ಮೂರು ವರ್ಷದಲ್ಲಿ ಮೂರನೆಯ ವರ್ಷ ಲಾಭ ಬಂದರೆ ಆ ಒಂದು ವರ್ಷದ್ದು ಸಿಗುತ್ತದೆ. ನಷ್ಟದಲ್ಲಿದ್ದಾಗಲೂ ಕೈಗೆ ಬರುವುದು ರೋಜಗಾರ್ ಯೋಜನೆಯ ಪ್ರೋತ್ಸಾಹಧನ ಮತ್ತು ಅಪ್ರೆಂಟಿಸ್ ಸ್ಟೈಪೆಂಡ್‌ನ ಸರ್ಕಾರಿ ಪಾಲು, ಏಕೆಂದರೆ ಅವಕ್ಕೆ ಲಾಭದ ಷರತ್ತಿಲ್ಲ. ಅಪ್ರೆಂಟಿಸ್ ಆಗಿ ಒಂದು ವರ್ಷ ಕಲಿಸಿ, ಆಮೇಲೆ ನೌಕರರಾಗಿ ತೆಗೆದುಕೊಂಡರೆ ಆ ದಿನದಿಂದ ಅವರು ಹೊಸ ನೌಕರರೇ. ಅದುವರೆಗೆ ಪಿಎಫ್ ಇಲ್ಲದ ಕಾರಣ ಮೊದಲ ಸಲದ ನೌಕರರಿಗೆ ಸಿಗುವ 15,000ದ ಅರ್ಹತೆಯೂ ಉಳಿದಿರುತ್ತದೆ. 2027ರ ಜುಲೈ 31 ದಾಟದಂತೆ ನೋಡಿಕೊಳ್ಳಿ.

ಪ್ರಶ್ನೆ: ನನಗೆ ಯುವನಿಧಿ ತಿಂಗಳಿಗೆ 3,000 ಬರುತ್ತಿದೆ. ಶಿಗ್ಗಾವಿಯ ಒಂದು ಕಡೆ 14,000ಕ್ಕೆ ಕೆಲಸ ಸಿಕ್ಕಿದೆ. ಪಿಎಫ್ ಮಾಡಿಸಿದರೆ ಯುವನಿಧಿ ನಿಲ್ಲುತ್ತದೆ ಎಂದು ಹೇಳಿ ‘ಆರು ತಿಂಗಳು ಪಿಎಫ್ ಇಲ್ಲದೆ ಇರು’ ಎನ್ನುತ್ತಿದ್ದಾರೆ.
– ಬಿ.ಎ. ಪದವೀಧರೆ, ಹಾವೇರಿ ಜಿಲ್ಲೆ

ಉತ್ತರ: ಆ ಮಾತು ಕೇಳಬೇಡಿ. ಯುವನಿಧಿ ಕೆಲಸ ಸಿಗುವವರೆಗಿನ ಭತ್ಯೆ, ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕ ಮೇಲೆ ಪಿಎಫ್ ಇರಲಿ ಬಿಡಲಿ, ನಿಲ್ಲಿಸಬೇಕು. ನಿರುದ್ಯೋಗಿ ಎಂದು ನೀವೇ ಸ್ವಯಂ ಘೋಷಣೆ ಕೊಡುತ್ತೀರಿ. ಸುಳ್ಳು ಘೋಷಣೆಯ ಹೊಣೆ ನಿಮ್ಮದು, ಹೇಳಿಕೊಟ್ಟವರದ್ದಲ್ಲ. ಇನ್ನು ಪಿಎಫ್: ಆ ಸಂಸ್ಥೆಯಲ್ಲಿ 20 ಅಥವಾ ಹೆಚ್ಚು ಜನರಿದ್ದು ನಿಮ್ಮ ಪಿಎಫ್ ವೇತನ 15,000ದೊಳಗೆ ಇದ್ದರೆ ಮೊದಲ ದಿನದಿಂದಲೇ ಅದು ನಿಮ್ಮ ಹಕ್ಕು, ಆರು ತಿಂಗಳ ‘ಟ್ರಯಲ್’ ಎಂಬುದು ಪಿಎಫ್ ಕಾಯ್ದೆಯಲ್ಲಿ ಇಲ್ಲ. ಸಂಸ್ಥೆಯವರಿಗೂ ಇದರಿಂದ ನಷ್ಟವೇ. ಬೇಸಿಕ್ 12,000 ಎಂದು ಇಟ್ಟುಕೊಂಡರೆ ಅವರ ಪಾಲು 1,440, ರೋಜಗಾರ್ ಯೋಜನೆಯಲ್ಲಿ ಅವರಿಗೆ ಸಿಗಬಹುದಾದದ್ದು 2,000. ಈ ಪುಟವನ್ನು ಅವರಿಗೆ ತೋರಿಸಿ.

ಪ್ರಶ್ನೆ: ಸಿಟಿಸಿ 26,300 ಇದ್ದವರು 25,000ದ ಮಿತಿ ದಾಟಿದಂತೆಯೇ? ಬೋನಸ್ ಕೊಟ್ಟರೆ?
– ರಾಣೆಬೆನ್ನೂರು

ಉತ್ತರ: ಮಿತಿ ನೋಡುವುದು ಸಿಟಿಸಿಯನ್ನಲ್ಲ, ಅಂದರೆ ನೌಕರನಿಗಾಗಿ ಮಾಲೀಕರು ಮಾಡುವ ಒಟ್ಟು ವೆಚ್ಚವನ್ನಲ್ಲ. ಮಾಲೀಕರು ಕಟ್ಟುವ ಪಿಎಫ್, ಇಎಸ್‌ಐ ಪಾಲು ಅದರಿಂದ ಹೊರಗೆ. 26,300ರಲ್ಲಿ 1,800 ಮಾಲೀಕರ ಪಿಎಫ್ ಆದರೆ ಉಳಿದದ್ದು 24,500, ಒಳಗೇ ಇದೆ. ಬೋನಸ್ ಮಾತ್ರ ಸೇರುತ್ತದೆ. 24,500 ಪಗಾರದವರಿಗೆ 10,000 ಬೋನಸ್ ಕೊಟ್ಟರೆ ವರ್ಷದ ಸರಾಸರಿಯೇ 25,333 ಆಗಿ ಆ ಹೆಸರು ಪಟ್ಟಿಯಿಂದ ಬೀಳುತ್ತದೆ. ಸರಿಯಾಗಿ 25,000 ಕೊಟ್ಟರೆ 80ಜೆಜೆಎಎಗೆ ಅಡ್ಡಿಯಿಲ್ಲ, ಆದರೆ ರಾಜ್ಯದ ವೃತ್ತಿ ತೆರಿಗೆ 25,000ದಿಂದಲೇ ಶುರು: ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಪಗಾರ 24,900 ಇಟ್ಟರೆ ನೌಕರರಿಗೆ ಕಡಿಮೆ ಏನೂ ಆಗುವುದಿಲ್ಲ.